ಹ್ಯಾಂಡಲ್ಲಿಗೆ ನೇತುಹಾಕಿದ ಹೆಲ್ಮೆಟ್

ಬೇಕರಿಯಲ್ಲಿ ಎಲ್ಲರೂ ಅವಳನ್ನು ಒಲೆಯಕ್ಕ ಎಂದೇ ಕರೆಯುತ್ತಿದ್ದರು. ಬ್ರೆಡ್ಡಿನ ತಟ್ಟೆಗಳನ್ನು ಒಲೆಯೊಳಗೆ ತಳ್ಳುವುದು, ಬೆಂದ ಕೂಡಲೇ ಹೊರಗೆಳೆಯುವುದು ಅವಳ ಕೆಲಸ. ಅದಕ್ಕಾಗಿ ಗಡಿಯಾರ ನೋಡಿದವಳಲ್ಲ. ಇನ್ನು ತೆಗೆಯಬೇಕು ಎಂಬುದು ಅವಳಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು.

ಸೈಕಲ್ಲಿನಿಂದ ಬಿದ್ದ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಿದ್ದಳು. ಕೂದಲು ಇನ್ನೂ ಒಣಗಿರಲಿಲ್ಲ. ಒದ್ದೆ ತಲೆಯ ಮೇಲೆ ಬೇಡವೆಂದು ಹೆಲ್ಮೆಟ್ಟನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೊರಟಳು. ಔಷಧಿ ಅಂಗಡಿಯ ಮುಂದೆ ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆದುಕೊಂಡಿತು. ಬ್ರೇಕ್ ಹಿಡಿದಳು, ಸೈಕಲ್ ಜಾರಿತು, ಅವಳ ಹಿಂದಲೆ ಫುಟ್‌ಪಾತಿನ ಕಲ್ಲಂಚಿಗೆ ಬಡಿಯಿತು. ಹೆಲ್ಮೆಟ್ಟಿಗೆ ಒಂದು ಗೀರೂ ಆಗಲಿಲ್ಲ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ದೊಡ್ಡ ಗಂಡಾಂತರ ತಪ್ಪಿತು ಎಂದರು. ನಿಜವೇ. ಮಾತು ನೆಟ್ಟಗಿತ್ತು, ನೆನಪು ನೆಟ್ಟಗಿತ್ತು, ಕೈಕಾಲು ಆಡುತ್ತಿದ್ದವು. ಮನೆಗೆ ಬಂದ ಮೇಲೆ ಗಂಡ ಕಾಫಿ ಮಾಡಿಕೊಟ್ಟ. ಅವನು ಬಸ್ ಓಡಿಸುವವನು, ಅಡುಗೆಮನೆಗೆ ಅಪರೂಪದ ಅತಿಥಿ. ಒಂದು ಗುಟುಕು ಕುಡಿದು ಅವಳು ಕೇಳಿದಳು, “ಏನ್ರೀ, ಪುಡಿ ಹಾಕೋದೇ ಮರೆತ್ರಾ?”

ಲೋಟದಲ್ಲಿ ಕಾಫಿ ಕಪ್ಪಗೇ ಇತ್ತು.

ವೈದ್ಯರು ಕಣ್ಣಿಗೆ ದೀಪ ಬಿಟ್ಟು ನೋಡಿದರು, ಮೂಗಿನ ಹತ್ತಿರ ಏನೇನೋ ಹಿಡಿದು ನೋಡಿದರು. ತಲೆ ಅದುರಿದಾಗ ಮೂಗಿನಿಂದ ಮಿದುಳಿಗೆ ವಾಸನೆ ಒಯ್ಯುವ ಎಳೆಗಳು ಹರಿದಿವೆ, ತಾವಾಗಿ ಕೂಡಿಕೊಂಡರೂ ಉಂಟು, ಇಲ್ಲದಿದ್ದರೂ ಉಂಟು, ಕಾದು ನೋಡೋಣ ಎಂದರು. ಅವಳು ಕಾದಳು. ಏನೂ ಬರಲಿಲ್ಲ.

ಬೇಕರಿಯಲ್ಲಿ ಮೊದಲ ವಾರವೇ ಒಂದು ತಟ್ಟೆ ಬ್ರೆಡ್ಡು ಇದ್ದಿಲಾಯಿತು. ಹೊಗೆ ಕಣ್ಣಿಗೆ ಬಿದ್ದಾಗಲೇ ಅವಳಿಗೆ ಗೊತ್ತಾದದ್ದು. ಮಾಲೀಕ ಬೈಯಲಿಲ್ಲ. “ಸ್ವಲ್ಪ ದಿನ ಪ್ಯಾಕಿಂಗ್ ನೋಡ್ಕೊಳಮ್ಮ,” ಎಂದ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ. ಒಲೆ ಬೇರೆಯವರ ಕೈಗೆ ಹೋಯಿತು. ಒಲೆಯಕ್ಕ ಎಂಬ ಹೆಸರು ಮಾತ್ರ ಅವಳ ಬೆನ್ನು ಬಿಡಲಿಲ್ಲ.

ಕಾಲು ಹೋಗಿದ್ದರೆ ಕಾಣುತ್ತಿತ್ತು. ಇದು ಯಾರಿಗೂ ಕಾಣುತ್ತಿರಲಿಲ್ಲ. “ಬಿಡಿ, ಚರಂಡಿ ವಾಸನೆ ಬರಲ್ವಲ್ಲ, ಪುಣ್ಯವಂತರು ನೀವು,” ಎಂದು ಪಕ್ಕದ ಮನೆಯಾಕೆ ನಕ್ಕಾಗ ಅವಳೂ ನಕ್ಕಳು. ಊಟಕ್ಕೆ ಕೂತಾಗ ಗಂಡ, ಮಗಳು ಸಾರು ಚೆನ್ನಾಗಿದೆ ಎಂದರೆ ಅವಳೂ ಹೂಂ ಅನ್ನುವಳು. ಬಾಯಿಗೆ ಸಿಗುತ್ತಿದ್ದದ್ದು ಉಪ್ಪು, ಖಾರ, ಬಿಸಿ, ಅಷ್ಟೆ. ಮೈ ನಾರುತ್ತಿದೆಯೇನೋ ಎಂಬ ಅಂಜಿಕೆಯಿಂದ ಸಂಜೆ ಬಂದೊಡನೆ ಮತ್ತೆ ಸ್ನಾನ ಮಾಡುವಳು, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವಳು. ಮಗಳನ್ನು ಮಲಗಿಸುವಾಗ ಅವಳ ನೆತ್ತಿಗೆ ಮೂಗು ಒತ್ತಿ ಉಸಿರೆಳೆದುಕೊಳ್ಳುವಳು. ಬೇರೆಯವರ ಮಗುವನ್ನು ಎತ್ತಿಕೊಂಡಂತಾಗುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು?

ಅಷ್ಟರಲ್ಲಿ, ಸೈಕಲ್ ತುಳಿಯುವವರೆಲ್ಲ ಹೆಲ್ಮೆಟ್ ಹಾಕಲೇಬೇಕು, ಇಲ್ಲದಿದ್ದರೆ ದಂಡ ಎಂಬ ನಿಯಮ ತರಲು ನಗರಸಭೆ ಹೊರಟಿತು. ಜನರ ಅಭಿಪ್ರಾಯ ಕೇಳಲು ಸಭೆ ಕರೆದರು. ಆ ರಾತ್ರಿ ಊಟಕ್ಕೆ ಅವಳ ತಮ್ಮನೂ ಬಂದಿದ್ದ. ಅವನು ಸೈಕಲ್ಲಿನ ಮೇಲೆ ಮನೆಮನೆಗೆ ಪಾರ್ಸಲ್ ಮುಟ್ಟಿಸುವವನು.

“ನೀನು ಹೋಗಿ ಮಾತಾಡ್ಬೇಕು,” ಎಂದ ಗಂಡ. “ನಿನಗಿಂತ ಬೇರೆ ಸಾಕ್ಷಿ ಬೇಕಾ?”

“ಭಾವ, ಕಾರಿನ ಬಾಗಿಲು ನೋಡದೆ ತೆಗೆದೋನಿಗೆ ದಂಡ ಹಾಕ್ಲಿ. ದಿನವೆಲ್ಲ ತುಳಿಯೋ ನಮ್ಮ ಮೇಲೆ ಯಾಕೆ?” ಎಂದ ತಮ್ಮ. “ಹೀಗೆ ಹೆದರಿಸಿದ್ರೆ ಜನ ಸೈಕಲ್ಲೇ ಬಿಡ್ತಾರೆ. ಆಮೇಲೆ ರಸ್ತೆ ಪೂರ್ತಿ ಕಾರುಗಳದ್ದೇ.”

“ತಲೆ ಒಡೆದ ಮೇಲೆ ರಸ್ತೆ ಕಟ್ಕೊಂಡು ಏನ್ ಮಾಡ್ತೀಯೋ?”

ಇಬ್ಬರೂ ಬಡಿಸಿದ್ದೆಲ್ಲ ಆರುವವರೆಗೆ ವಾದಿಸಿದರು. ನೀನೇನು ಹೇಳುತ್ತೀಯ ಎಂದು ಅವಳನ್ನು ಇಬ್ಬರೂ ಕೇಳಲಿಲ್ಲ.

ಸಭೆಯ ದಿನ ಗಂಡನಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋದಳು. ತಮ್ಮ ಅತ್ತ ಪಾರ್ಸಲ್ಲಿನವರ ಗುಂಪಿನಲ್ಲಿ ಕೂತಿದ್ದ. ಸರದಿ ಬಂದಾಗ ಎದ್ದು ನಿಂತು ಬಿದ್ದದ್ದನ್ನು ಹೇಳಿದಳು, ವಾಸನೆ ಹೋದದ್ದನ್ನು ಹೇಳಿದಳು. ಮಗಳ ನೆತ್ತಿಯ ಮಾತೂ, ಹೇಳಬೇಕೆಂದುಕೊಂಡಿರದಿದ್ದರೂ, ಬಾಯಿಂದ ಬಂದುಬಿಟ್ಟಿತು.

“ಬೇರೇನೂ ತೊಂದರೆ ಇಲ್ಲ ತಾನೆ?” ಸದಸ್ಯರೊಬ್ಬರು ಕನಿಕರದಿಂದಲೇ ಕೇಳಿದರು. ಹಿಂದೆ ಯಾರೋ ಕಿಸಕ್ಕೆಂದರು.

“ಇಲ್ಲ ಸರ್, ಬೇರೇನೂ ಇಲ್ಲ.”

“ಹಾಗಾದ್ರೆ ನೀವು ನಿಯಮದ ಪರವೋ, ವಿರೋಧವೋ?” ಎಂದರು ಅಧ್ಯಕ್ಷರು.

ಅವಳು ತಮ್ಮನ ಕಡೆ ನೋಡಲಿಲ್ಲ. “ಹೆಲ್ಮೆಟ್ ನನ್ನ ಹತ್ರಾನೇ ಇತ್ತು. ಅದರಿಂದ ಒಳ್ಳೇದು ಅಂತಾನೂ ಗೊತ್ತಿತ್ತು. ಆದ್ರೂ ಹಾಕ್ಲಿಲ್ಲ. ಪೊಲೀಸ್ ಹಿಡೀತಾನೆ ಅಂತಿದ್ದಿದ್ರೆ, ಒದ್ದೆ ತಲೆಗೇ ಹಾಕ್ಕೊಂಡಿರ್ತಿದ್ದೆ. ಪರ ಅಂತಾನೇ ಬರ್ಕೊಳ್ಳಿ.”

ಕೊನೆಗೆ ನಗರಸಭೆ ಹೆಲ್ಮೆಟ್ಟನ್ನು ಮಕ್ಕಳಿಗೆ ಮಾತ್ರ ಕಡ್ಡಾಯ ಮಾಡಿತು. ದೊಡ್ಡವರದು ಅವರವರ ಇಷ್ಟಕ್ಕೆ ಬಿಟ್ಟದ್ದು.

ಅಂದು ಸಭೆ ಮುಗಿದು ಹೊರಗೆ ಬಂದಾಗ ತಮ್ಮ ಸೈಕಲ್ ತಳ್ಳಿಕೊಂಡು ಅವಳ ಜೊತೆ ಹೆಜ್ಜೆ ಹಾಕಿದ.

“ಪಾಪು ನೆತ್ತಿ ವಿಷಯ ನನಗೆ ಯಾಕಕ್ಕ ಹೇಳ್ಲಿಲ್ಲ?”

“ಹೇಳಿದ್ರೆ ಏನು ಮಾಡ್ತಿದ್ದೆ?”

ಅವನು ಸೈಕಲ್ಲಿನ ಬ್ರೇಕ್ ಒತ್ತಿ ಬಿಟ್ಟ. “ನಾನು ಈಗಲೂ ವಿರೋಧಾನೇ,” ಎಂದ.

“ಗೊತ್ತು ಕಣೋ. ಹೊತ್ತಾಯ್ತು, ಹೊರಡು.”

ಅವನ ಸೈಕಲ್ ಕಾರುಗಳ ನಡುವೆ ಮರೆಯಾಗುವವರೆಗೆ ನೋಡುತ್ತ ನಿಂತಿದ್ದು, ಮನೆಗೆ ಬಂದಳು. ಮಗಳು ನೆಲದ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಚಪ್ಪಲಿ ಬಿಟ್ಟು ಮಗಳ ಪಕ್ಕದಲ್ಲಿ ಕೂತಳು.

“ಪುಟ್ಟಿ, ಈಗ ಇಲ್ಲಿ ಏನು ವಾಸನೆ ಬರ್ತಿದೆ, ಹೇಳು ನೋಡೋಣ.”

ಮಗಳು ಮೂಗು ಮೇಲೆತ್ತಿ ಶ್ರದ್ಧೆಯಿಂದ ಉಸಿರೆಳೆದು ನೋಡಿದಳು. “ಏನೂ ಇಲ್ಲಮ್ಮ. ಮನೆ ವಾಸನೆ ಅಷ್ಟೆ.”

“ಅದು ಹೇಗಿರುತ್ತೆ?”

ಮಗಳು ಯೋಚಿಸಿದಳು. “ಹೇಗೂ ಇರಲ್ಲ. ನಮ್ಮನೆ ಥರ ಇರುತ್ತೆ,” ಎಂದು ಮತ್ತೆ ಬಣ್ಣಕ್ಕೆ ತಿರುಗಿದಳು.