ಕೆಂಚನ ಪಾಲಾದ ಹುಳಿ

ಲೋಹಿತಾ ತೋವಿನಕೆರೆಗೆ ಸೊಸೆಯಾಗಿ ಬಂದು ತಿಂಗಳಾಗಿತ್ತು. ಆ ಬೆಳಿಗ್ಗೆ ಮನೆಯ ನಾಯಿ ಕೆಂಚ ವಾಂತಿಭೇದಿಯಿಂದ ಸುಸ್ತಾಗಿ ಬಿದ್ದದ್ದನ್ನು ಕಂಡು ಗಾಬರಿಯಾಗಿ ಪಶುವೈದ್ಯರಿಗೆ ಫೋನು ಮಾಡಿದಳು.

"ಸಂಜೆವರೆಗೂ ಏನೂ ತಿನ್ನಿಸಬೇಡಿ, ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡಿ. ಕಡಿಮೆಯಾಗದಿದ್ದರೆ ಕರ್ಕೊಂಡು ಬನ್ನಿ. ನಿನ್ನೆ ಏನು ತಿಂದಿತ್ತು?" ಎಂದರು ಅವರು.

ಲೋಹಿತಾ ಅತ್ತೆಯ ಮುಖ ನೋಡಿದಳು. ಕರಿಬಸಮ್ಮ ತಲೆ ತಗ್ಗಿಸಿದರು.

"ನೀನು ಮಾಡಿದ್ ಹುಳಿಯನ್ನ ನಾನೇ ಅದುಕ್ಕೆ ಹಾಕ್ಬುಟ್ಟೆ ಕಣಮ್ಮ. ಖಾರ ತಡ್ಕಳಕ್ಕಾಗ್ಲಿಲ್ಲ. ಹೇಳಿದ್ರೆ ಬೇಜಾರ್ ಮಾಡ್ಕತೀಯ ಅಂತ ಸುಮ್ಕಿದ್ದೆ."

"ಹಂಗಾರೆ ರಾತ್ರಿ ಉಪವಾಸ ಮಲಗಿದ್ರಾ ಅತ್ತೆ?" ಎಂದಳು ಲೋಹಿತಾ.

ಸಂಜೆಯ ಹೊತ್ತಿಗೆ ಕೆಂಚನ ವಾಂತಿ ನಿಂತಿತು. ಲೋಹಿತಾ ಅನ್ನವನ್ನು ಮೆತ್ತಗೆ ಬೇಯಿಸಿ, ಮೊಸರು ಕಲಸಿ ಇಬ್ಬರಿಗೂ ಬಡಿಸಿದಳು. ಕೆಂಚ ಎರಡು ತುತ್ತು ತಿಂದು ಮಲಗಿತು. ಕರಿಬಸಮ್ಮ ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡರು.