ಇನ್‌ಲ್ಯಾಂಡಿನ ಅಂಚಿನಲ್ಲಿ ಬರೆಸಿದ್ದು

1983ರ ಮಾರ್ಚ್ 14, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಉಡಚಮ್ಮ ಹೊನ್ನಾಳಿ ಅಂಚೆ ಕಚೇರಿಯ ಜಗಲಿಯಲ್ಲಿ ಬಂದು ಕೂತಳು. ಕೌಂಟರಿನಲ್ಲಿ ಉಳಿದಿದ್ದ ಕೊನೆಯ ಇನ್‌ಲ್ಯಾಂಡ್ ಅವಳ ಕೈಯಲ್ಲಿತ್ತು. ಟಪಾಲು ಚೀಲ ಹನ್ನೆರಡಕ್ಕೆ ಬಸ್ಸು ಹತ್ತುತ್ತಿತ್ತು.

ಕಾಗದ ಜಗಳೂರಿನ ಕಸ್ತೂರಮ್ಮನಿಗೆ. ಇಪ್ಪತ್ನಾಲ್ಕರ ಈ ಮೇಡಂ ಹೊನ್ನಾಳಿ ಶಾಲೆಯಲ್ಲಿದ್ದ ಎರಡು ವರ್ಷವೂ ಉಡಚಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಆಮೇಲೆ ತಾಯಿಯ ಊರಿಗೆ ವರ್ಗ ಮಾಡಿಸಿಕೊಂಡಿದ್ದಳು. ಬರುವ ಶುಕ್ರವಾರ ಅವಳ ನಿಶ್ಚಿತಾರ್ಥ. ಗಂಡು, ಹೊನ್ನಾಳಿಯ ಕಿರಾಣಿ ಅಂಗಡಿ ಪಂಚಾಕ್ಷರಪ್ಪನ ಮಗ. ಮದುವೆಯಾದ ಮೇಲೂ ಹುಡುಗಿ ಕೆಲಸದಲ್ಲಿರಬಹುದು ಎಂದು ಗಂಡಿನ ಮನೆಯವರು ಮಾತು ಕೊಟ್ಟಿದ್ದರು. ಆದರೆ ಭಾನುವಾರ ಉಡಚಮ್ಮ ಬೆಲ್ಲ ತರಲು ಹೋದಾಗ ಪಂಚಾಕ್ಷರಪ್ಪನ ಹೆಂಡತಿ ಶಂಕ್ರಮ್ಮ ಬೇರೆಯೇ ಮಾತಾಡಿದಳು: "ಮದ್ವಿ ಆಗ್ಲಿ, ರಾಜೀನಾಮೆ ಕೊಡಿಸ್ತೀವಿ. ಅಂಗಡ್ಯಾಗೆ ಕೂರಾಕೆ ಓದಿದ ಸೊಸೆ ಸಿಕ್ಕಂಗಾಯ್ತು."

ಉಡಚಮ್ಮನಿಗೆ ಬರೆಯಲು ಬಾರದು. ಜಗಲಿಯ ಮೇಲೆ ಊರಿನವರ ಕಾಗದ ಬರೆದುಕೊಡುತ್ತಿದ್ದವನು ಜಯಪ್ಪ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ನೋಟಿಸು ಬರೆದ ಆ ಕೈಗೆ ಚಿಕ್ಕ ಅಕ್ಷರ ಬರೆಯುವುದೆಂದರೆ ಹಿಂಬಡ್ತಿ ಸಿಕ್ಕಂತೆ.

ಕಾಗದದಲ್ಲಿ ಒಳ್ಳೆಯದು ಮೊದಲು, ಕೆಟ್ಟದ್ದು ಕೊನೆಗೆ. ಗೊತ್ತಿದ್ದವರ ಮನೆ ಒಂದನ್ನೂ ಬಿಡಬಾರದು. ಉಡಚಮ್ಮ ಆ ಪದ್ಧತಿಯನ್ನು ಎಂದೂ ಮುರಿದವಳಲ್ಲ.

"ಬರಿಯಪ್ಪಾ. ಧರ್ಮಪ್ಪ ಸೊಸೈಟಿ ಎಲೆಕ್ಷನ್ನಿಗೆ ನಿಂತಿದ್ದ. ಮನ್ಯಾಗೇ ಐದು ಓಟು ಅದಾವೆ, ಬಿದ್ದಿದ್ದು ಮೂರು. ಇನ್ನೆರಡು ಯಾರು ಹಾಕಿಲ್ಲ ಅಂತ ಉಣ್ಣೋದು ಬಿಟ್ಟು ತನಿಖೆ ಮಾಡ್ತಾನೆ. ಭೀಮಕ್ಕ ಕನ್ನಡಕ ಹಾಕ್ಸಿದ್ಲು. ಈಗ ಓಣಿ ಮಂದಿ ಮನೆ ಕಸ ಎಲ್ಲಾ ಕಾಣ್ತೈತಂತೆ, ಅವಳ ಮನೇದೊಂದು ಬಿಟ್ಟು. ಮೂಕಪ್ಪ ಕುಡಿಯೋದು ಬಿಟ್ಟ. ಈ ವರ್ಷ ಇದು ಮೂರನೇ ಸಲ."

"ಸದರಿ ಭೀಮಕ್ಕನವರು ನೂತನ ಕನ್ನಡಕ ಧರಿಸಿರುವುದನ್ನು ಈ ಮೂಲಕ ತಮ್ಮ ಅವಗಾಹನೆಗೆ ತರಲಾಗಿದೆ," ಎಂದು ಜಯಪ್ಪ ಓದುತ್ತಾ ಬರೆದ. ಮೂಕಪ್ಪನೊಬ್ಬನೇ ಐದು ಸಾಲು ತಿಂದ.

"ಜಾಗ ಮುಗೀತು ಯವ್ವಾ. 'ಉಳಿದ ವಿಷಯ ಮುಂದಿನ ಪತ್ರದಲ್ಲಿ' ಅಂತ ಹಾಕ್ಲೇನು?"

ಹೇಳಬೇಕಾದ ಮಾತು ಇನ್ನೂ ಉಡಚಮ್ಮನ ಬಾಯಲ್ಲೇ ಇತ್ತು. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ.

"ಮುಂದಿನ ಪತ್ರ ಮುಟ್ಟೋ ಹೊತ್ತಿಗೆ ಆ ಹುಡುಗಿ ಬೆಲ್ಲ ತೂಗ್ತಾ ಕೂತಿರ್ತಾಳೆ! ಅಂಚು ಖಾಲಿ ಐತಲ್ಲ, ಅಲ್ಲಿ ಬರಿ."

"ಅದು ಮಾರ್ಜಿನ್ನು. ಅಲ್ಲಿ ಬರೆಯಾಕೆ ಬರಂಗಿಲ್ಲ."

"ಕಾಗದ ಏನು ಹೊಲ ಏನೋ ಜಯಪ್ಪ, ಬದು ಬಿಟ್ಟು ಬಿತ್ತಾಕೆ? ಬರಿ. ಸದರಿಗಿದರಿ ಹಾಕಿದ್ರೆ ಪೆನ್ನು ಕಸ್ಗೊಂತೀನಿ."

ಜಯಪ್ಪ ಇನ್‌ಲ್ಯಾಂಡನ್ನು ಅಡ್ಡ ತಿರುಗಿಸಿ, ಜೀವಮಾನದಲ್ಲೇ ಮೊದಲ ಬಾರಿಗೆ ಸಣ್ಣ ಅಕ್ಷರದಲ್ಲಿ ಬರೆದ: "ಮದುವೆ ಆದ ಮೇಲೆ ನಿನ್ನ ಕೆಲಸ ಬಿಡಿಸಿ ಅಂಗಡಿಯಲ್ಲಿ ಕೂರಿಸುತ್ತಾರೆ. ಶಂಕ್ರಮ್ಮನೇ ನನ್ನ ಮುಂದೆ ಹೇಳಿದಳು. ತಾಂಬೂಲಕ್ಕೆ ಮೊದಲೇ ಕೇಳು."

ಉಡಚಮ್ಮ ಅದನ್ನು ಎರಡು ಸಲ ಓದಿಸಿ, ತಾನೇ ಎಂಜಲು ಹಚ್ಚಿ ಅಂಟಿಸಿದಳು.

ಕಾಗದ ಗುರುವಾರ ಮಧ್ಯಾಹ್ನ ಜಗಳೂರು ಮುಟ್ಟಿತು. ಶುಕ್ರವಾರ ಕಸ್ತೂರಮ್ಮ ಎರಡೂ ಕಡೆಯ ಹಿರಿಯರೆದುರು ರಾಜೀನಾಮೆಯ ಮಾತು ನಿಜವೇ ಎಂದು ಕೇಳಿದಳು. ಶಂಕ್ರಮ್ಮ ಗಂಡನನ್ನು ನೋಡಿದಳು. ಪಂಚಾಕ್ಷರಪ್ಪ ತಾಂಬೂಲದ ತಟ್ಟೆಯನ್ನು ನೋಡಿದ. ತಾಂಬೂಲ ಬದಲಾಗದೆಯೇ ಗಂಡಿನ ಕಡೆಯವರು ಮೂರೂವರೆಯ ದಾವಣಗೆರೆ ಬಸ್ಸಿಗೆ ಹೊರಟರು. ಶನಿವಾರ ಬೆಳಗಿನ ಶಾಲೆಗೆ ಕಸ್ತೂರಮ್ಮ ಎಂಟಕ್ಕೆ ಹಾಜರಾದಳು.