ಆರು ಸಾಲಿಗೊಂದು ಅಕ್ಕಡಿ

ಡ್ರೋನು ಗುಂಯ್ ಎಂದು ಮೇಲೇಳುವ ಹೊತ್ತಿಗೆ ತೀರ್ಥಮ್ಮ ರಾಗಿ ಹೊಲದ ನಟ್ಟನಡುವೆ ಹೋಗಿ ಕಾಲು ನೀಡಿಕೊಂಡು ಕೂತಾಗಿತ್ತು. ತಲೆಯ ಮೇಲೆ ಸೆರಗು, ಮಡಿಲಲ್ಲಿ ಬುತ್ತಿಯ ಗಂಟು, ಪಕ್ಕದಲ್ಲಿ ನೀರಿನ ತಂಬಿಗೆ ಮತ್ತು ಕಳೆ ತೆಗೆಯುವ ಕುಡುಗೋಲು. ಮಂಡಿನೋವಿನ ಹೆಂಗಸು, ಒಮ್ಮೆ ಕೂತರೆ ಏಳುವುದು ಸುಲಭವಲ್ಲ. ಬದುವಿನ ಮೇಲಿದ್ದ ಗಂಡ ಪಂಚಾಕ್ಷರಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಅಮ್ಮ, ಈಚೆ ಬನ್ರಿ. ಜನ ಇರೋ ಕಡೆ ಔಸ್ತಿ ಬಿಡಂಗಿಲ್ಲ," ಎಂದು ಕೂಗಿದ ರವಿಕುಮಾರ. ಡ್ರೋನು ಹಾರಿಸಲೆಂದೇ ಕಡೂರಿನಿಂದ ಬಂದವನು ಅವನು.

"ಗೊತ್ತು ಕಣಪ್ಪ. ಅದಕ್ಕೇ ಕೂತಿರೋದು."

ರವಿಕುಮಾರ ಯಂತ್ರ ಇಳಿಸಿ, ಪಕ್ಕದಲ್ಲಿದ್ದ ಬೀಜದ ಕಂಪನಿಯ ವಿದ್ಯಾಶ್ರೀಯ ಮುಖ ನೋಡಿದ. ಅವಳು ಪಂಚಾಕ್ಷರಪ್ಪನ ಮುಖ ನೋಡಿದಳು. ಪಂಚಾಕ್ಷರಪ್ಪ ಯಾರ ಮುಖವನ್ನೂ ನೋಡದೆ ಹೆಗಲ ಟವಲು ಕೊಡವಿಕೊಂಡ.

ಇಷ್ಟಕ್ಕೂ ಈ ಹೊಸ ರಾಗಿ ಬೇಕೆಂದು ಮೊದಲು ಹಟ ಹಿಡಿದವಳು ತೀರ್ಥಮ್ಮನೇ. ಬೇಸಿಗೆಯಲ್ಲಿ ಅಜ್ಜಂಪುರದಲ್ಲಿ ಬೀಜದ ಕಂಪನಿಯವರು ಸಭೆ ಮಾಡಿದ್ದರು. ಮಾತಾಡಿದ್ದು ಇದೇ ವಿದ್ಯಾಶ್ರೀ, ಬೀರೂರಿನ ಹುಡುಗಿ, ಓದಿ ವಿಜ್ಞಾನಿಯಾದವಳು. "ಬೇರೆ ಜೀವಿದು ಏನೂ ತಂದು ಸೇರ್ಸಿಲ್ಲ ಅಮ್ಮ. ರಾಗಿದೇ ಜೀನ್‌ನಲ್ಲಿ ಒಂದೆರಡು ಅಕ್ಷರ ತಿದ್ದಿದೀವಿ, ಅಷ್ಟೆ. ಕಳೆ ಔಷಧಿ ಹೊಡೆದ್ರೆ ಉಳಿದಿದ್ದೆಲ್ಲ ಸುಟ್ಟುಹೋಗುತ್ತೆ, ರಾಗಿ ಮಾತ್ರ ನಿಂತಿರುತ್ತೆ," ಎಂದು ಬಿಡಿಸಿ ಹೇಳಿದ್ದಳು. ನಲವತ್ತು ವರ್ಷ ಶ್ರಾವಣದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತವಳಿಗೆ ಆ ಮಾತು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಗೆ ಬಂದವಳೇ ಗಂಡನ ಬೆನ್ನು ಹತ್ತಿ ಕಂಪನಿಯ ಪ್ರಯೋಗಕ್ಕೆ ಒಂದು ಎಕರೆ ಕೊಡುವುದಾಗಿ ಸಹಿ ಹಾಕಿಸಿದಳು.

ಎಡವಟ್ಟಾದದ್ದು ಬಿತ್ತನೆಯ ದಿನ. ಅವತ್ತು ವಿದ್ಯಾಶ್ರೀ ತರೀಕೆರೆ ಕಡೆಯ ಇನ್ನೊಂದು ಹೊಲಕ್ಕೆ ಹೋಗಿದ್ದಳು. ಪಂಚಾಕ್ಷರಪ್ಪ ಕೂರಿಗೆ ಹೂಡಿ ಕಂಪನಿಯ ರಾಗಿ ಬಿತ್ತುತ್ತ ಹೋದ. ತೀರ್ಥಮ್ಮ ಎಂದಿನಂತೆ ಮಡಿಲು ಕಟ್ಟಿಕೊಂಡು ಹಿಂದೆ ನಡೆದಳು. ಆರು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ನಾಲ್ಕು ಕಾಳು ಜೋಳ. ಅವಳ ಅತ್ತೆ ಹಾಗೆ ಬಿತ್ತುತ್ತಿದ್ದಳು, ಅತ್ತೆಯ ಅತ್ತೆಯೂ ಹಾಗೇ. ರಾಗಿಯ ಜೊತೆ ಇನ್ನೇನಾದರೂ ಬಿತ್ತುತ್ತೀರಾ ಎಂದು ಕಂಪನಿಯವರು ಕೇಳಿರಲಿಲ್ಲ. ಅಕ್ಕಡಿಯಿಲ್ಲದೆ ರಾಗಿ ಬಿತ್ತುವ ಜನವೂ ಇದ್ದಾರೆಂದು ತೀರ್ಥಮ್ಮನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಆ ಮನೆಯಲ್ಲಿ ರಾಗಿ ಯಜಮಾನನದು, ಅಕ್ಕಡಿ ಯಜಮಾನಿಯದು. ಅಕ್ಕಡಿಯಲ್ಲಿ ಯಾರಿಗೆ ಎಷ್ಟು ಕೊಡಬೇಕು, ಬೀಜಕ್ಕೆ ಎಷ್ಟು ಎತ್ತಿಡಬೇಕು, ಎಲ್ಲ ಅವಳ ಮಾತು. ಅತ್ತೆ ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಹೋದ ಅವರೆಯ ತಳಿಯನ್ನು ಅವಳು ಒಂದು ವರ್ಷವೂ ತಪ್ಪಿಸದೆ ಬಿತ್ತಿ ಉಳಿಸಿಕೊಂಡು ಬಂದಿದ್ದಳು. ಹೋದ ವರ್ಷ ಫಸಲು ಕೈಕೊಟ್ಟಿದ್ದರಿಂದ ಮಡಕೆಯಲ್ಲಿದ್ದುದೇ ನಾಲ್ಕು ಹಿಡಿ. ನಾಲ್ಕನ್ನೂ ಈ ಎಕರೆಗೇ ಸುರಿದಿದ್ದಳು. ಈಗ ಮಡಕೆಯಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ.

ಔಷಧಿ ಹೊಡೆಯಲು ಬಂದ ವಿದ್ಯಾಶ್ರೀ ಸಾಲುಗಳ ನಡುವೆ ಗೇಣುದ್ದದ ಅವರೆ ಸಸಿ ಕಂಡು ದಂಗಾಗಿದ್ದಳು. ಕಂಪನಿಯ ವಿಶ್ವನಾಥ್ ಸಾಹೇಬರು ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: ರಾಗಿ ಬಿಟ್ಟು ಉಳಿದದ್ದೆಲ್ಲ ಕಳೆ, ಇವತ್ತೇ ಹೊಡೀರಿ, ಇಲ್ಲದಿದ್ದರೆ ಆ ಹೊಲ ಕೈಬಿಡಿ. ಫೋನಿನ ದನಿ ದೊಡ್ಡದಾಗಿತ್ತು. ತೀರ್ಥಮ್ಮನ ಕಿವಿಯೂ ನೆಟ್ಟಗಿತ್ತು. ಕಳೆ ಎಂಬ ಮಾತು ಬಿದ್ದದ್ದೇ ತಡ, ಅವಳು ಬುತ್ತಿ ಎತ್ತಿಕೊಂಡು ಹೊಲಕ್ಕಿಳಿದಿದ್ದಳು.

"ಲೇ ತೀರ್ಥ, ಸಹಿ ಹಾಕ್ಸಿದ್ದು ನೀನೇ ಅಲ್ವೇನೇ? ಈಗ ನಾಕು ಜನ್ರ ಮುಂದೆ ನನ್ನ ಮರ್ವಾದೆ ತೆಗೀತೀಯಲ್ಲೇ," ಎಂದು ಪಂಚಾಕ್ಷರಪ್ಪ ಬದುವಿನಿಂದಲೇ ಗೊಣಗಿದ. "ಹೋದ್ರೆ ಒಂದು ವರ್ಸದ ಅವರೆ ಹೋಗ್ತದೆ, ಬಿಡು."

"ನಿಮ್ಮವ್ವ ಕೊಟ್ಟಿದ್ದು ಕಣ್ರೀ ಅದು. ಒಂದು ವರ್ಸದ್ದಲ್ಲ."

ವಿದ್ಯಾಶ್ರೀ ಚಪ್ಪಲಿ ಬಿಟ್ಟು, ಸಸಿ ತುಳಿಯದ ಹಾಗೆ ಹೆಜ್ಜೆ ಹಾಕಿಕೊಂಡು ಬಂದು ತೀರ್ಥಮ್ಮನೆದುರು ಕೂತಳು. ಚಪ್ಪಲಿ ಬಿಟ್ಟು ಬಂದದ್ದು ತೀರ್ಥಮ್ಮನಿಗೆ ಹಿಡಿಸಿತು. ಆದರೂ ಮುಖ ಸಡಿಲಿಸಲಿಲ್ಲ.

"ಅಮ್ಮ, ಇದು ನನ್ನ ಆರು ವರ್ಷದ ಕೆಲಸ," ಎಂದಳು ವಿದ್ಯಾಶ್ರೀ. "ನಿಮ್ಮಂಥೋರ ಬೆನ್ನು ಉಳೀಲಿ ಅಂತಾನೇ ಮಾಡಿದ್ದು."

"ಸುಳ್ಳು ಅನ್ನಲ್ಲ ಮಗಾ. ನನ್ನ ಬೆನ್ನೂ ನಿನ್ನ ಕಡೆಗೇ ಐತೆ." ತೀರ್ಥಮ್ಮ ಅವರೆಯ ಎಲೆಯ ಮೇಲಿನ ಮಣ್ಣನ್ನು ಬೆರಳಲ್ಲಿ ಒರೆಸಿದಳು. "ರಾಗಿಗೇನೋ ಅಕ್ಷರ ತಿದ್ದಿ ಬದುಕೋದು ಕಲಿಸ್ದೆ. ಇದಕ್ಕೆ ಯಾರು ಕಲಿಸ್ತಾರೆ?"

"ಅದಕ್ಕೂ ಮಾಡ್ಬೋದು. ವರ್ಷಗಳು ಹಿಡೀತವೆ. ತೊಗರಿಗೆ ಬೇರೆ, ಹುಚ್ಚೆಳ್ಳಿಗೆ ಬೇರೆ…"

"ಅಲ್ಲೀಗಂಟ ಮುದ್ದೆ ನೀನು ಕೊಡ್ತೀಯ. ಸಾರಿಗೆ ನಾನು ಏನ್ ಹಾಕ್ಲಿ?"

ಜೀನಿನ ಒಂದೊಂದು ಅಕ್ಷರ ಬಲ್ಲವಳು ಸಾರಿನ ಲೆಕ್ಕಕ್ಕೆ ತಡವರಿಸಿದಳು. ತೀರ್ಥಮ್ಮ ಬುತ್ತಿ ಬಿಚ್ಚಿ, ಹುಚ್ಚೆಳ್ಳು ಚಟ್ನಿ ಸವರಿದ ಅರ್ಧ ರೊಟ್ಟಿ ಮುರಿದು ಅವಳ ಕೈಗಿಟ್ಟಳು. ಜಗಳ ಜಗಳದ ಕಡೆ, ಹಸಿವು ಹಸಿವಿನ ಕಡೆ. ಹುಡುಗಿ ಬೆಳಗಿನಿಂದ ಏನೂ ತಿಂದಿರಲಿಲ್ಲ, ಪೂರ್ತಿ ತಿಂದಳು.

ಹನ್ನೆರಡಾಯಿತು. ರವಿಕುಮಾರ ಡ್ರೋನಿನ ರೆಕ್ಕೆ ಮಡಚಿ ಗಾಡಿಗೆ ಹಾಕಿದ. ವಿದ್ಯಾಶ್ರೀ ಟ್ಯಾಬು ತೆಗೆದು ಸಿಂಪಡಣೆ ಆಗದಿದ್ದಕ್ಕೆ ಕಾರಣ ತುಂಬತೊಡಗಿದಳು. ಮಳೆ, ಗಾಳಿ, ಯಂತ್ರದ ದೋಷ, ಇತರೆ ಎಂದು ನಾಲ್ಕು ಆಯ್ಕೆಗಳಿದ್ದವು. "ಗಾಳಿ ಅಂತ ಹಾಕ್ಬಿಡ್ತೀನಮ್ಮ. ನಿಮಗೂ ತೊಂದ್ರೆ ಇಲ್ಲ, ನಂಗೂ ಇಲ್ಲ."

"ಗಾಳಿ ಎಲ್ಲೈತೆ? ಒಂದು ಗರಿನೂ ಅಲ್ಲಾಡ್ತಿಲ್ಲ. ತೀರ್ಥಮ್ಮ ಬಿಡ್ಲಿಲ್ಲ ಅಂತ ಬರಿ. ಅಕ್ಕಡಿ ಐತೆ, ಅದಕ್ಕೆ ಬಿಡ್ಲಿಲ್ಲ ಅಂತ ಬರಿ."

"ಹಂಗೆ ಬರೆದ್ರೆ ನನ್ನ ಕೇಳ್ತಾರೆ."

"ಕೇಳ್ಲಿ. ಕೇಳ್ಬೇಕಾಗಿದ್ದು ಬಿತ್ತೋಕ್ ಮುಂಚೆ. ಈಗ್ಲಾದ್ರೂ ಕೇಳ್ಲಿ."

ವಿದ್ಯಾಶ್ರೀ 'ಇತರೆ' ಒತ್ತಿ, ಅಕ್ಕಡಿ ಸಾಲು ಇದೆ, ಯಜಮಾನಿ ತೀರ್ಥಮ್ಮ ಬಿಡಲಿಲ್ಲ ಎಂದು ಒಂದೊಂದೇ ಅಕ್ಷರ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿಯೂ ಆಯಿತು. ತೀರ್ಥಮ್ಮ ತಲೆಯಾಡಿಸಿದ ಮೇಲೆ ಕಳಿಸಿದಳು. ಹೊರಡುವಾಗ ಬದುವಿನಲ್ಲಿ ನೆಟ್ಟಿದ್ದ ಕಂಪನಿಯ ಬೋರ್ಡನ್ನು ರವಿಕುಮಾರ ಕಿತ್ತುಕೊಂಡ.

ಗಾಡಿ ಮರೆಯಾಯಿತು. ಕಳೆ ಮಾತ್ರ ಹಾಗೇ ಇತ್ತು, ಎಕರೆ ತುಂಬ, ರಾಗಿಗಿಂತ ಸೊಕ್ಕಿ ಬೆಳೆದುಕೊಂಡು. ಅದನ್ನು ನೋಡಿದಾಗ ತೀರ್ಥಮ್ಮನಿಗೆ ಅಳು ಬಂದದ್ದು ನಿಜ. ಯಾರೂ ಕಾಣದ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕುಡುಗೋಲು ಹಿಡಿದು ಮೊದಲ ಬುಡಕ್ಕೆ ಕೈ ಹಾಕಿದಳು. ಮಂಡಿ ಕಟಕಟ ಎಂದಿತು.

"ಈಗ ಯಾರೇ ಕೀಳೋರು ಇಷ್ಟನ್ನೂ? ಒಂದಾಳೂ ಸಿಗಲ್ಲ," ಎಂದ ಪಂಚಾಕ್ಷರಪ್ಪ.

"ನಾನು ಕೀಳ್ತಾ ಇಲ್ವಾ?"

ಅವಳು ತಲೆ ಎತ್ತಲಿಲ್ಲ. ಒಂದು ಸಾಲು ಮುಗಿಯಿತು. ಎರಡನೆಯದಕ್ಕೆ ತಿರುಗುವಷ್ಟರಲ್ಲಿ ಅಕ್ಕಡಿಯ ಆಚೆ ಪಕ್ಕ ಯಾರೋ ಏದುಸಿರು ಬಿಡುತ್ತ ಕೂತ ಸದ್ದಾಯಿತು. ಪಂಚಾಕ್ಷರಪ್ಪ ಪಂಚೆ ಎತ್ತಿ ಕಟ್ಟಿಕೊಂಡಿದ್ದ. ಅರವತ್ತು ದಾಟಿದ ಆ ಮನುಷ್ಯ ಇಷ್ಟು ವರ್ಷ ಉತ್ತಿದ್ದ, ಬಿತ್ತಿದ್ದ, ಕೊಯ್ದಿದ್ದ. ಕಳೆಗೆ ಕೂತದ್ದು ಇದೇ ಮೊದಲು. ಅದು ಹೆಂಗಸರ ಕೆಲಸವೆಂದು ಬದುವಿನ ಮೇಲೆಯೇ ವಯಸ್ಸು ಕಳೆದಿದ್ದ.

ಅವನು ಸಿಕ್ಕಿದ್ದನ್ನು ಹಿಡಿದು ಕಿತ್ತ. ಮಣ್ಣು ಸಮೇತ ಎದ್ದು ಬಂದ ಸಸಿಯನ್ನು ಬದುವಿಗೆ ಎಸೆಯಲು ಕೈ ಎತ್ತಿದ. ತೀರ್ಥಮ್ಮ ಅಕ್ಕಡಿಯ ಮೇಲಿಂದ ತೋಳು ಚಾಚಿ ಅವನ ಮಣಿಕಟ್ಟು ಹಿಡಿದಳು.

"ಅದು ಕಳೆ ಅಲ್ಲ ಕಣ್ರೀ. ಹುಚ್ಚೆಳ್ಳು."

ಅವನ ಬೆರಳು ಬಿಡಿಸಿ ಸಸಿ ಇಸಿದುಕೊಂಡಳು. ಕಿತ್ತ ಗುಂಡಿಯಲ್ಲೇ ಅದನ್ನು ಮತ್ತೆ ಇಳಿಸಿ, ತಂಬಿಗೆಯ ತಳದಲ್ಲಿ ಉಳಿದಿದ್ದ ನೀರು ಹನಿಸಿ, ಬುಡಕ್ಕೆ ಎರಡೂ ಹೆಬ್ಬೆರಳಿಂದ ಮಣ್ಣು ಒತ್ತಿದಳು.